ಥಾಯ್ ಮಸಾಜ್: ಎಲ್ಲಿ ಮಾಡಿಸಿಕೊಳ್ಳಬೇಕು, ಎಲ್ಲಿ ಕಲಿಯಬೇಕು?

ಪ್ರಶ್ನೆ: ನಾನು ದಾವಣಗೆರೆಯ ಹೈಸ್ಕೂಲ್ ಶಿಕ್ಷಕಿ, ವಯಸ್ಸು 46. ಡಿಸೆಂಬರ್‌ನಲ್ಲಿ ಯಜಮಾನರ ಜೊತೆ 12 ದಿನ ಥಾಯ್ಲೆಂಡ್‌ಗೆ ಹೊರಟಿದ್ದೇನೆ. ಅಲ್ಲಿಯ ಸಾಂಪ್ರದಾಯಿಕ ಮಸಾಜ್ ಮಾಡಿಸಿಕೊಳ್ಳಬೇಕು, ಆದರೆ ಸ್ವಲ್ಪ ಕಲಿತೂ ಬರಬೇಕು ಅಂತ ಆಸೆ. ಅಮ್ಮನಿಗೆ 74 ವರ್ಷ, ರಾತ್ರಿ ಹೊತ್ತು ಕಾಲು ಸೆಳೆತ. ಅವರಿಗೆ ಸರಿಯಾಗಿ ಕಾಲು ಒತ್ತಲು ಬಂದರೆ ಸಾಕು. ಆದರೆ ಥಾಯ್ ಮಸಾಜ್ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಮ್ಮಂಥವರು ನಿಶ್ಚಿಂತೆಯಿಂದ ಹೋಗಬಹುದಾದ ಜಾಗ ಯಾವುದು? ಕೆಲವೇ ದಿನಗಳಲ್ಲಿ ಕಲಿಯಲು ಆಗುತ್ತದೆಯೇ? ಸರ್ಟಿಫಿಕೇಟ್ ಸಿಕ್ಕರೆ ಇಲ್ಲಿ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಮನೆಯವರ ನಗುವಿನಿಂದಲೇ ಶುರು ಮಾಡುತ್ತೇನೆ ಮೇಡಂ, ಯಾಕೆಂದರೆ ಆ ನಗುವಿಗೆ ಹೆದರಿ ಎಷ್ಟೋ ಜನ ಒಂದು ಒಳ್ಳೆಯ ವಿದ್ಯೆಯ ಬಾಗಿಲಿನವರೆಗೂ ಹೋಗಿ ವಾಪಸ್ ಬಂದಿದ್ದಾರೆ. ನೀವು ಕೇಳುತ್ತಿರುವುದಕ್ಕೆ ಅಲ್ಲಿ ‘ನೂಅದ್ ಥಾಯ್’ ಅನ್ನುತ್ತಾರೆ. ಹಳೆಯ ಹೆಸರು ‘ನೂಅದ್ ಫೇನ್ ಬೋರಾನ್’. ನೂಅದ್ ಅಂದರೆ ಒತ್ತುವುದು, ನೀವುವುದು. ಬೋರಾನ್ ಅಂದರೆ ನಮ್ಮ ‘ಪುರಾಣ’ ಪದವೇ, ಹಳೆಯ ಕಾಲದ್ದು ಅಂತ. 2019ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮ ಯೋಗ 2016ರಲ್ಲಿ ಸೇರಿದ ಪಟ್ಟಿಯೂ ಅದೇ. ಮನೆಯಲ್ಲಿ ಇಷ್ಟು ಹೇಳಿ, ನಗು ಅರ್ಧ ಕಡಿಮೆಯಾಗುತ್ತದೆ.

ನಾನು ಫಿಸಿಯೋಥೆರಪಿ ಓದಿದವಳು, ಮೈಸೂರಿನಲ್ಲಿ ಯೋಗವನ್ನೂ ಹೇಳಿಕೊಡುತ್ತೇನೆ. ಬ್ಯಾಂಕಾಕ್‌ನಲ್ಲೂ ಚಿಯಾಂಗ್ ಮಾಯ್‌ನಲ್ಲೂ ಈ ವಿದ್ಯೆಯನ್ನು ಕಲಿತಿದ್ದೇನೆ. ಅಲ್ಲಿಂದ ನಾನು ತಂದ ಒಂದೇ ಮಾತನ್ನು ನಿಮಗೆ ಮೊದಲು ಹೇಳಿಬಿಡುತ್ತೇನೆ: ಕಲಿಯುವ ಮುಂಚೆ ನಾಲ್ಕಾರು ಕೈಗಳ ಕೆಳಗೆ ಸುಮ್ನೆ ಮಲಗಿ. ಒತ್ತುವ ಹದ ಕಣ್ಣಿಗೆ ಕಾಣುವುದಿಲ್ಲ. ಮೈಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಕೈಗೆ ಬರುತ್ತದೆ. ನೇರವಾಗಿ ಕ್ಲಾಸಿಗೆ ಹೋಗಿ ಕೂತವರು ಹೆಜ್ಜೆಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಹದ ಬಂದಿರುವುದಿಲ್ಲ.

ಹಾಗಾಗಿ ಮೊದಲ ಎರಡು ಮೂರು ದಿನ ಬ್ಯಾಂಕಾಕ್‌ನಲ್ಲಿ ಇರಿ. ಮೊದಲು ಹೋಗಬೇಕಾದ ಜಾಗ ವಾಟ್ ಪೋ. 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಲು ಎಲ್ಲರೂ ಹೋಗುವ ದೇವಸ್ಥಾನ ಇದು. ಸನಾಮ್ ಚಾಯ್ ಮೆಟ್ರೋ ಸ್ಟೇಷನ್ ಹತ್ತಿರದಲ್ಲೇ ಇದೆ. ಹೆಚ್ಚಿನವರು ಬುದ್ಧನ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಒಳಗೆ ಒಂದು ಚಿಕ್ಕ ಮಂಟಪವಿದೆ. ಅದರ ಗೋಡೆಗಳಲ್ಲಿ ಕಲ್ಲಿನ ಫಲಕಗಳಿವೆ, ಫಲಕದ ಮೇಲೆ ಮನುಷ್ಯನ ಆಕೃತಿಗಳು. ಮುಂದಿನಿಂದ ಒಂದು, ಹಿಂದಿನಿಂದ ಒಂದು. ಮೈಮೇಲೆಲ್ಲ ಗೆರೆಗಳು ಓಡುತ್ತವೆ, ಗೆರೆಯ ಮೇಲೆ ಚುಕ್ಕೆಗಳು, ಪಕ್ಕದಲ್ಲಿ ಎಲ್ಲಿ ಒತ್ತಿದರೆ ಯಾವ ನೋವಿಗೆ ಆಗುತ್ತದೆ ಅಂತ ಹಳೆಯ ಥಾಯ್ ಬರಹ. ಇಂಥ ಆಕೃತಿಗಳು ಒಟ್ಟು 60. ಮೂರನೇ ರಾಮ ಎಂಬ ದೊರೆ 1830ರ ದಶಕದಲ್ಲಿ ಕೆತ್ತಿಸಿದ್ದು. 1767ರಲ್ಲಿ ಬರ್ಮಾದವರು ಅಯುತ್ಥಾಯ ರಾಜಧಾನಿಯನ್ನು ಸುಟ್ಟಾಗ ಓಲೆಗಳೂ ಪುಸ್ತಕಗಳೂ ನಾಶವಾಗಿದ್ದವು. ಉಳಿದ ತಿಳಿವಳಿಕೆಯನ್ನಾದರೂ ಕಲ್ಲಿಗೆ ಹಾಕಿಬಿಡೋಣ, ಯಾರು ಬೇಕಾದರೂ ಬಂದು ಓದಿಕೊಳ್ಳಲಿ ಅನ್ನುವುದು ಆ ಕೆಲಸದ ಹಿಂದಿದ್ದ ಯೋಚನೆ. ನಾನು ಮೊದಲ ಸಲ ಆ ಗೋಡೆಯ ಮುಂದೆ ನಿಂತಾಗ ಗಂಟಲು ಕಟ್ಟಿತ್ತು. ವೈದ್ಯವನ್ನು ಗುಟ್ಟಾಗಿಡುವ ಕಾಲದಲ್ಲಿ ಅದನ್ನು ಬೀದಿಯವರಿಗೂ ತೆರೆದಿಟ್ಟಿದ್ದಾರಲ್ಲ!

ಅಲ್ಲಿಯೇ ಅಂಗಳದಲ್ಲಿ ಕಲ್ಲುಬಂಡೆಗಳ ನಡುವೆ ಋಷಿಗಳ ಚಿಕ್ಕ ಪ್ರತಿಮೆಗಳನ್ನು ಹುಡುಕಿ. ಒಬ್ಬ ಕಾಲು ಮಡಚಿ ಬೆನ್ನು ತಿರುಗಿಸಿದ್ದಾನೆ, ಇನ್ನೊಬ್ಬ ತನ್ನ ಭುಜವನ್ನು ತಾನೇ ಎಳೆದುಕೊಳ್ಳುತ್ತಿದ್ದಾನೆ. ಇವರಿಗೆ ‘ರೂಸಿ ದಾತ್ ತೋನ್’ ಅನ್ನುತ್ತಾರೆ. ರೂಸಿ ಅಂದರೆ ಋಷಿ. ತನ್ನ ಮೈಯನ್ನು ತಾನೇ ಎಳೆದು ಹದ ಮಾಡಿಕೊಳ್ಳುವ ಋಷಿ ಅಂತ ಅರ್ಥ. 1836ರಲ್ಲಿ ಲೋಹದಲ್ಲಿ ಎರಕ ಹೊಯ್ದಾಗ 80 ಇದ್ದವಂತೆ. ಈಗ ಉಳಿದಿರುವುದು ಮೂವತ್ತಕ್ಕೂ ಕಡಿಮೆ. ಅವರ ಮುಖ ನೋಡಿ, ನೋವು ಎಲ್ಲಿದೆ ಅಂತ ಮುಖವೇ ಹೇಳುತ್ತದೆ.

ದೇವಸ್ಥಾನದ ಆವರಣದಲ್ಲೇ ಮಸಾಜ್ ಮಾಡುವ ಮಂಟಪಗಳಿವೆ. ಸಾಲಾಗಿ ಹಾಸಿಗೆ, ಪಕ್ಕದಲ್ಲಿ ಬೇರೆಯವರೂ ಮಲಗಿರುತ್ತಾರೆ, ಬಟ್ಟೆ ಮೈಮೇಲೇ ಇರುತ್ತದೆ. ನಿಮ್ಮ ಮನೆಯವರ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅಸಲಿ ಥಾಯ್ ಮಸಾಜ್‌ನಲ್ಲಿ ಎಣ್ಣೆ ಇಲ್ಲ, ಬಟ್ಟೆ ಬಿಚ್ಚುವುದಿಲ್ಲ, ಎತ್ತರದ ಟೇಬಲ್ಲೂ ಇಲ್ಲ. ನೆಲದ ಮೇಲೆ ಗಟ್ಟಿ ಹಾಸಿಗೆ, ಕೊಡುವ ಸಡಿಲ ಹತ್ತಿ ಪೈಜಾಮ, ಅಷ್ಟೇ. ಪೈಜಾಮದ ಸೊಂಟ ಇಬ್ಬರು ಹಿಡಿಸುವಷ್ಟು ಅಗಲವಿರುತ್ತದೆ, ಗಾಬರಿಯಾಗಬೇಡಿ. ಮುಂದೆ ಮಡಚಿ, ಲಾಡಿ ಕಟ್ಟಿ, ಪಂಚೆಯಂತೆ ಮೇಲಿಂದ ಸುತ್ತಿಬಿಡಿ. ನಮ್ಮ ದೀಪಾವಳಿಯ ಎಣ್ಣೆಸ್ನಾನ, ಕೇರಳದ ಅಭ್ಯಂಗ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಇದು ಬೇರೆಯೇ ಅನ್ನಿಸುತ್ತದೆ. ಅಲ್ಲಿ ತಿಕ್ಕುವುದಿಲ್ಲ, ಒತ್ತುತ್ತಾರೆ, ಅಲುಗಿಸುತ್ತಾರೆ, ಎಳೆಯುತ್ತಾರೆ.

ಎರಡನೆಯ ದಿನ ಕಣ್ಣು ಕಾಣದವರು ನಡೆಸುವ ಒಂದು ಮಸಾಜ್ ಕೇಂದ್ರಕ್ಕೆ ಹೋಗಿ. ಬ್ಯಾಂಕಾಕ್‌ನಲ್ಲೂ ಚಿಯಾಂಗ್ ಮಾಯ್‌ನಲ್ಲೂ ಇಂಥವು ಇವೆ, ಹೋಟೆಲ್‌ನವರನ್ನು ಕೇಳಿದರೆ ಹೇಳುತ್ತಾರೆ. ಅವರ ಕೈ ಹುಡುಕುವ ರೀತಿಯೇ ಬೇರೆ. ಒಂದು ಗಂಟು ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ, ಕಾಯುತ್ತದೆ, ಅದು ಬಿಟ್ಟ ಮೇಲೆ ಮುಂದಕ್ಕೆ ಹೋಗುತ್ತದೆ. ಮೂರನೆಯದು ಯಾವುದಾದರೂ ಸಾಮಾನ್ಯ ಬೀದಿ ಅಂಗಡಿ. ಗಾಜಿನ ಮುಂಬಾಗಿಲು, ಹೊರಗೆ ದರದ ಬೋರ್ಡು, ಗೋಡೆಯ ಮೇಲೆ ಸರ್ಕಾರದ ಪರವಾನಗಿ, ಒಳಗೆ ನಿಮ್ಮ ವಯಸ್ಸಿನ ಹೆಂಗಸರು ಕೆಲಸ ಮಾಡುತ್ತಿದ್ದರೆ ಧೈರ್ಯವಾಗಿ ಹೋಗಿ. ಬಾಗಿಲಲ್ಲಿ ನಿಂತು ಗಂಡಸರನ್ನೇ ಕೂಗುವ, ದರ ಹಾಕದ, ಮಬ್ಬು ಬೆಳಕಿನ ಅಂಗಡಿ ನಿಮಗೆ ಬೇಡ. ದೊಡ್ಡ ಹೋಟೆಲ್ ಸ್ಪಾ ಬಿಟ್ಟರೆ ಗಂಟೆಗೆ ಸಾಮಾನ್ಯವಾಗಿ 250ರಿಂದ 400 ಬಾತ್. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಅಂದುಕೊಳ್ಳಿ. ಮಾಡಿದವರ ಕೈಗೆ 50 ಅಥವಾ 100 ಬಾತ್ ಕೊಟ್ಟು ಬನ್ನಿ. ಅವರ ಸಂಪಾದನೆ ಜಾಸ್ತಿ ಏನಿಲ್ಲ.

ಒಂದು ಗಂಟೆ ತೆಗೆದುಕೊಳ್ಳಬೇಡಿ, ಎರಡು ಗಂಟೆ ತೆಗೆದುಕೊಳ್ಳಿ. ಪಾದದಿಂದ ಶುರು ಮಾಡಿ ಮೇಲಕ್ಕೆ ಬರುತ್ತಾರೆ, ಕಾಲಿಗೇ ಅರ್ಧದಷ್ಟು ಹೊತ್ತು ಹೋಗುತ್ತದೆ. ಒಂದು ಗಂಟೆಯಲ್ಲಿ ಬೆನ್ನು, ಭುಜ ಓಡಿಸಿಬಿಡುತ್ತಾರೆ.

ಮೂರು ಥಾಯ್ ಮಾತು ಕಲಿತಿಡಿ. ‘ಬಾವ್ ಬಾವ್’ ಅಂದರೆ ಮೆಲ್ಲಗೆ. ‘ಜೆಪ್’ ಅಂದರೆ ನೋವು. ‘ಸಬಾಯ್’ ಅಂದರೆ ಹಾಯಾಗಿದೆ. ಹೆಂಗಸರು ಕೊನೆಗೆ ‘ಖಾ’ ಸೇರಿಸಬೇಕು, ನಮ್ಮ ‘ರೀ’ ಇದ್ದಹಾಗೆ. ಯಜಮಾನರು ‘ಖ್ರಪ್’ ಅನ್ನಬೇಕು. ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವುದು ದೊಡ್ಡಸ್ತಿಕೆ ಅಲ್ಲ. ನನಗೆ ಬ್ಯಾಂಕಾಕ್‌ನ ಒಂದು ಅಂಗಡಿಯಲ್ಲಿ ಕೇಳದೆಯೇ ಕತ್ತು ತಿರುಗಿಸಿ ಲಟಕ್ ಅನ್ನಿಸಿದರು. ಮೂರು ದಿನ ಎಡಕ್ಕೆ ತಿರುಗಲು ಆಗಲಿಲ್ಲ. ಅಂದಿನಿಂದ ಮಲಗುವ ಮುಂಚೆಯೇ ಕತ್ತು ಮುಟ್ಟಿ ತೋರಿಸಿ ‘ಇಲ್ಲಿ ಲಟಕ್ ಬೇಡ’ ಅಂತ ಕೈಸನ್ನೆ ಮಾಡುತ್ತೇನೆ. ನೀವೂ ಮಾಡಿ. ಒಳ್ಳೆಯ ಮಸಾಜಿಗೆ ಕತ್ತು ಲಟಕ್ ಅನ್ನಿಸುವ ಅಗತ್ಯವೇ ಇಲ್ಲ.

ಇನ್ನು ಕಲಿಯುವ ವಿಷಯ. ಬ್ಯಾಂಕಾಕ್‌ನಲ್ಲೇ ಕಲಿಯಬೇಕು ಅಂದರೆ ವಾಟ್ ಪೋ ಶಾಲೆ ಇದೆ. 1955ರಲ್ಲಿ ಶುರುವಾದ ವೈದ್ಯಶಾಲೆ ಅದು. ದೇವಸ್ಥಾನದ ಎದುರಿನ ಮಹಾರಾತ್ ರಸ್ತೆಯ ಗಲ್ಲಿಯಲ್ಲಿದೆ. ಮೊದಲ ಹಂತ 30 ಗಂಟೆ, ಐದು ದಿನ. ಶಿಸ್ತು ಬಹಳ, ಎಲ್ಲರಿಗೂ ಒಂದೇ ಕ್ರಮ, ಬಿಂದುಗಳ ಮೇಲೆ ಹೆಬ್ಬೆರಳಿನ ಒತ್ತು ಜಾಸ್ತಿ. ಚೆನ್ನಾಗಿ ಕಲಿಸುತ್ತಾರೆ. ಆದರೂ ನಿಮಗೆ ನಾನು ಹೇಳುವುದು ಚಿಯಾಂಗ್ ಮಾಯ್. ಉತ್ತರದ ಆ ಊರು ಬ್ಯಾಂಕಾಕ್‌ನಿಂದ ಸುಮಾರು 700 ಕಿಲೋಮೀಟರ್. ಕ್ರುಂಗ್ ಥೇಪ್ ಅಫಿವತ್ ಸ್ಟೇಷನ್‌ನಿಂದ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಹೊತ್ತಿಗೆ ಊರು. ಹಳೆ ಊರಿನ ಸುತ್ತ ಕಂದಕ, ಒಳಗೆ ನಡೆದೇ ಓಡಾಡಬಹುದು, ಉಳಿಯಲು ಅಗ್ಗ. ಐದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನೆಲದ ಮೇಲೆ ಕೂತು ಕಲಿತ ಮೇಲೆ ದೊಡ್ಡ ಊರಿನ ಟ್ರಾಫಿಕ್‌ನಲ್ಲಿ ಒದ್ದಾಡುವ ಶಕ್ತಿ ಇರುವುದಿಲ್ಲ. ಡಿಸೆಂಬರ್ ಅಲ್ಲಿ ತಂಪು, ಒಳ್ಳೆಯ ಕಾಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಮಾತ್ರ ಬೇಡ, ಹೊಲ-ಕಾಡು ಸುಡುವ ಹೊಗೆ ಊರನ್ನೇ ಮುಚ್ಚಿರುತ್ತದೆ.

ಅಲ್ಲಿ ಹಳೆಯದು 1962ರಲ್ಲಿ ಶುರುವಾದ ಓಲ್ಡ್ ಮೆಡಿಸಿನ್ ಹಾಸ್ಪಿಟಲ್. ಬುದ್ಧನ ವೈದ್ಯ ಜೀವಕ ಕೌಮಾರಭೃತ್ಯನ ಹೆಸರನ್ನೂ ಇಟ್ಟುಕೊಂಡಿದೆ. ಐಟಿಎಂ, ಟಿಎಂಸಿ ಅನ್ನುವ ಎರಡು ಶಾಲೆಗಳಿಗೂ ಹೊರದೇಶದವರು ಜಾಸ್ತಿ ಬರುತ್ತಾರೆ, ಇಂಗ್ಲಿಷ್‌ನಲ್ಲಿ ಪಾಠ, ಮೊದಲ ಹಂತ 30 ಗಂಟೆ. ಉತ್ತರದ ಶೈಲಿಯಲ್ಲಿ ಎಳೆತ, ಬಾಗಿಸುವುದು ಹೆಚ್ಚು, ಲಯ ನಿಧಾನ. ಯೋಗ ಮಾಡಿ ಗೊತ್ತಿದ್ದರೆ ಕೂಡಲೇ ಹಿಡಿಸುತ್ತದೆ. ಮೂರರಲ್ಲಿ ಯಾವುದು ಅಂತ ಕೇಳಿದರೆ, ನಿಮ್ಮ ದಿನಾಂಕಕ್ಕೆ ಯಾರು ಕಡಿಮೆ ಜನರ ತಂಡ ಕೊಡುತ್ತಾರೋ ಅದು. ಒಬ್ಬ ಗುರುವಿಗೆ ಏಳೆಂಟು ಜನ ಮೀರಿದರೆ ನಿಮ್ಮ ಕೈಯನ್ನು ತಿದ್ದುವವರು ಇರುವುದಿಲ್ಲ. ಮೊದಲೇ ಬರೆದು ಕೇಳಿ. ಡಿಸೆಂಬರ್ 5, 10 ಮತ್ತು ವರ್ಷದ ಕೊನೆಯ ದಿನ ಅಲ್ಲಿ ಸರ್ಕಾರಿ ರಜೆ, ಅದನ್ನೂ ಕೇಳಿಕೊಳ್ಳಿ. ಯಾವ ವೀಸಾ ಮೇಲೆ ಕಲಿಯಬಹುದು ಅಂತ ಶಾಲೆಯಿಂದಲೇ ತಿಳಿದುಕೊಳ್ಳಿ, ನಿಯಮ ಆಗಾಗ ಬದಲಾಗುತ್ತದೆ. ಯಜಮಾನರನ್ನೂ ಸೇರಿಸಿ. ಕ್ಲಾಸಿನಲ್ಲಿ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕು. ಅವರು ಬರದಿದ್ದರೆ ಹೆಂಗಸರನ್ನೇ ಜೊತೆ ಕೊಡಿ ಅಂತ ಕೇಳಿ, ಸಂಕೋಚ ಬೇಡ.

ಬೆಳಿಗ್ಗೆ ಪಾಠ ಶುರುವಾಗುವ ಮೊದಲು ‘ವಾಯ್ ಖ್ರು’ ಇರುತ್ತದೆ. ಖ್ರು ಅಂದರೆ ಗುರು. ಎಲ್ಲರೂ ಮಂಡಿಯೂರಿ ಕೂತು ‘ಓಂ ನಮೋ ಶಿವಗೋ’ ಅಂತ ಪಾಲಿ ಭಾಷೆಯ ಪ್ರಾರ್ಥನೆ ಹೇಳುತ್ತಾರೆ. ಶಿವನ ಹೆಸರು ಅಂದುಕೊಳ್ಳುತ್ತೇವೆ ನಾವು. ಅಲ್ಲ, ಜೀವಕನ ಹೆಸರೇ ಹಾಗೆ ತಿರುಗಿದೆ. ಜೀವಕ ಮಗಧದವನು, ರಾಜಗೃಹದ ವೈದ್ಯ. ಈ ವಿದ್ಯೆಯನ್ನು ಅವನೇ ಶುರು ಮಾಡಿದ ಅನ್ನುವುದಕ್ಕೆ ದಾಖಲೆ ಇಲ್ಲ, ಅದು ನಂಬಿಕೆ. ದಾಖಲೆ ಬೇಕು ಅಂದರೆ, 1687ರಲ್ಲಿ ಸಯಾಮ್‌ಗೆ ಬಂದ ಫ್ರೆಂಚ್ ದೂತ ಸಿಮೋನ್ ದ ಲಾ ಲೂಬೇರ್ ಬರೆದಿಟ್ಟಿದ್ದಾನೆ: ಇಲ್ಲಿ ಯಾರಿಗಾದರೂ ಕಾಯಿಲೆಯಾದರೆ ಪಳಗಿದವರೊಬ್ಬರು ಮೈಮೇಲೆ ಹತ್ತಿ ಕಾಲಿನಿಂದ ತುಳಿಯುತ್ತಾರೆ ಅಂತ. ನಮ್ಮ ಹಳ್ಳಿಗಳಲ್ಲಿ ಬೆನ್ನುನೋವಿಗೆ ಮೊಮ್ಮಕ್ಕಳನ್ನು ಬೆನ್ನ ಮೇಲೆ ನಡೆಸಿಕೊಳ್ಳುತ್ತಾರಲ್ಲ, ಅದೇ.

ಪಾಠದಲ್ಲಿ ‘ಸೇನ್’ ಅನ್ನುವ ಪದ ಬರುತ್ತದೆ. ಗೆರೆ, ದಾರಿ ಅಂತ ಅರ್ಥ. ಮುಖ್ಯವಾದವು ಹತ್ತು. ಮೊದಲ ಮೂರರ ಹೆಸರು ಕೇಳಿ: ಇತ್ಥಾ, ಪಿಂಗ್ಖಲಾ, ಸುಮನಾ. ಇಡಾ, ಪಿಂಗಳಾ, ಸುಷುಮ್ನಾ ಅಲ್ವಾ? ಪಿಂಗ್ಖಲಾ ಅಂತ ಗುರುಗಳು ಹೇಳಿದ ಕೂಡಲೇ ನಾನು ಬೆನ್ನಿನ ಬಲಗಡೆ ಕೈ ಇಟ್ಟುಬಿಟ್ಟೆ, ಅವರಿಗೆ ಆಶ್ಚರ್ಯ. ಆದರೆ ನಮ್ಮ ನಾಡಿ, ಅವರ ಸೇನ್ ಎರಡೂ ಒಂದೇ ಅಂದುಕೊಂಡು ಕೂರಬೇಡಿ. ನಮ್ಮಲ್ಲಿ ಉಸಿರಿನಿಂದ ಹಿಡಿಯುವುದನ್ನು ಅವರು ಹೆಬ್ಬೆರಳಿನಿಂದ ಹಿಡಿಯುತ್ತಾರೆ. ಗೆರೆಗಳು ಓಡುವ ಜಾಗವೂ ಬೇರೆ.

ಎರಡನೆಯ ದಿನದ ಹೊತ್ತಿಗೆ ಎಲ್ಲರಿಗೂ ಹೆಬ್ಬೆರಳು ನೋಯುತ್ತದೆ. ನನಗೂ ಊದಿತ್ತು. ನಮ್ಮ ಗುರುಗಳು ಐವತ್ತು ದಾಟಿದ ಸಣ್ಣ ಮೈಕಟ್ಟಿನ ಹೆಂಗಸು. ನನ್ನ ಹಿಂದೆ ಬಂದು ನಿಂತು, ಸೊಂಟಕ್ಕೆ ಮೆಲ್ಲಗೆ ತಟ್ಟಿ, ‘ಇದರಿಂದ ಒತ್ತು’ ಅಂದರು. ಆಮೇಲೆ ಮಾಡಿ ತೋರಿಸಿದರು. ಮಂಡಿಯೂರಿ ಕೂತರು. ಮೊಣಕೈ ನೇರ. ಅಂಗೈ ಇಟ್ಟರು, ಒತ್ತಲಿಲ್ಲ. ಉಸಿರು ಬಿಡುತ್ತಾ ಮುಂದಕ್ಕೆ ವಾಲಿದರು, ಅಷ್ಟೇ. ಮೈಭಾರ ತಾನಾಗಿಯೇ ಕೈಗೆ ಇಳಿಯಿತು. ಮಲಗಿದ್ದವರೂ ಅದೇ ಹೊತ್ತಿಗೆ ಉಸಿರು ಬಿಟ್ಟರು. ಹಿಂದಕ್ಕೆ ಬಂದರು, ಎರಡು ಬೆರಳಿನಷ್ಟು ಮೇಲಕ್ಕೆ ಸರಿದರು, ಮತ್ತೆ ವಾಲಿದರು. ಅವರ ಭುಜದಲ್ಲಿ ಒಂದು ಎಳೆಯಷ್ಟೂ ಬಿಗಿ ಇರಲಿಲ್ಲ. ದಿನಕ್ಕೆ ಆರು ಜನರಿಗೆ ಮಾಡಿದರೂ ಅವರಿಗೆ ದಣಿವಾಗದ ಕಾರಣ ಅದು. ನೀವು ಐದು ದಿನದಲ್ಲಿ ಇದೊಂದನ್ನು ಕಲಿತು ಬಂದರೆ ಸಾಕು, ಉಳಿದ ನೂರು ಭಂಗಿ ಮರೆತರೂ ಚಿಂತೆಯಿಲ್ಲ.

ಚಿಯಾಂಗ್ ಮಾಯ್‌ನಲ್ಲಿ ಪಾಠವಿಲ್ಲದ ದಿನ ಇನ್ನೆರಡು ಬಗೆಯ ಮಸಾಜ್ ಮಾಡಿಸಿಕೊಳ್ಳಿ. ಹೆಂಗಸರ ಜೈಲಿನವರು ನಡೆಸುವ ತರಬೇತಿ ಕೇಂದ್ರ ಹಳೆ ಊರಿನಲ್ಲಿದೆ. ಬಿಡುಗಡೆ ಹತ್ತಿರವಾದ ಕೈದಿಗಳು ಮಸಾಜ್ ಕಲಿತು ಅಲ್ಲಿ ಕೆಲಸ ಮಾಡುತ್ತಾರೆ, ಹೊರಗೆ ಬಂದ ಮೇಲೆ ಬದುಕಲು ಒಂದು ಕಸುಬು ಕೈಯಲ್ಲಿರಲಿ ಅಂತ. ಬೆಳಿಗ್ಗೆ ಹೋಗಿ ಹೆಸರು ಬರೆಸುವುದು ಒಳ್ಳೆಯದು. ನನಗೆ ಮಾಡಿದ ಹುಡುಗಿಯ ಕೈಯಷ್ಟು ಎಚ್ಚರದ ಕೈ ದೊಡ್ಡ ಸ್ಪಾಗಳಲ್ಲೂ ಸಿಕ್ಕಿಲ್ಲ. ಇನ್ನೊಂದು ‘ತೋಕ್ ಸೇನ್’, ಉತ್ತರದ ಲಾನ್ನಾ ಸೀಮೆಯದು. ಹುಣಸೆ ಮರದ ಕೊಡತಿ, ಮರದ ಗೂಟ. ಗೂಟವನ್ನು ಸೇನ್ ಮೇಲಿಟ್ಟು ಟಕ್ ಟಕ್ ಅಂತ ತಟ್ಟುತ್ತಾರೆ. ಸಿಡಿಲು ಬಡಿದ ಹುಣಸೆ ಮರವೇ ಶ್ರೇಷ್ಠ ಅನ್ನುತ್ತಾರೆ. ನೋವಿಲ್ಲ, ಕಂಪನ ಎಲುಬಿನವರೆಗೂ ಹೋಗುತ್ತದೆ. ಬೆನ್ನುಮೂಳೆಯ ಮೇಲೆ ತಟ್ಟಿಸಿಕೊಳ್ಳಬೇಡಿ, ಪಕ್ಕದ ಮಾಂಸಖಂಡಕ್ಕೆ ಮಾತ್ರ.

ಸರ್ಟಿಫಿಕೇಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಐದು ದಿನದ ಕಾಗದ ನೆನಪಿಗೆ ಚೆನ್ನ. ಅದು ಕಸುಬು ಮಾಡುವ ಪರವಾನಗಿ ಅಲ್ಲ. ಥಾಯ್ಲೆಂಡ್‌ನಲ್ಲಿ ಅಂಗಡಿಯಲ್ಲಿ ಕೆಲಸ ಮಾಡುವವರೇ 150 ಗಂಟೆಯ ಕೋರ್ಸ್ ಮುಗಿಸಿರಬೇಕು. ಜೊತೆಗೆ ಅಲ್ಲಿ ಥಾಯ್ ಮಸಾಜ್ ಕೆಲಸ ಥಾಯ್ ಪ್ರಜೆಗಳಿಗೇ ಮೀಸಲು, ಹೊರದೇಶದವರು ಕಲಿಯಬಹುದು, ದುಡಿಯುವ ಹಾಗಿಲ್ಲ. ದಾವಣಗೆರೆಗೆ ಬಂದು ಆ ಕಾಗದ ತೋರಿಸಿ ಬೇರೆಯವರ ಬೆನ್ನು ಬಾಗಿಸಲು ಹೋಗಬೇಡಿ, ದಯವಿಟ್ಟು.

ಊಟದ ಮಾತೊಂದು. ನೀವು ಸಸ್ಯಾಹಾರಿಯಾದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ‘ಜೇ’ ಅಂಗಡಿ ಹುಡುಕಿ. ಅಲ್ಲಿ ಮೀನಿನ ಸಾಸ್ ಹಾಕುವುದಿಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ಹೊಟ್ಟೆ ತುಂಬ ತಿಂದು ಮಾತ್ರ ಮಸಾಜಿಗೆ ಮಲಗಬೇಡಿ.

ಈಗ ಅಮ್ಮನ ಕಾಲು. ನೀವು ಹೊರಡುವ ಮೊದಲು ಅವರನ್ನು ಡಾಕ್ಟರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ರಕ್ತ ತೆಳುವಾಗುವ ಮಾತ್ರೆ ಇದೆಯೇ, ಮೂಳೆ ಸವೆದಿದೆಯೇ, ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದೆಯೇ ಅಂತ ಕೇಳಿ. ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ಒತ್ತಲೇಬಾರದು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಉಬ್ಬಿದ ನರಗಳ ಮೇಲೆ ಬೆರಳು ಇಡಬೇಡಿ. ಶಾಲೆಯಲ್ಲಿ ‘ಗಾಳಿಯ ಬಾಗಿಲು ತೆರೆಯುವುದು’ ಅಂತ ಒಂದು ಹೇಳಿಕೊಡಬಹುದು. ತೊಡೆಸಂದಿನಲ್ಲಿ ದೊಡ್ಡ ರಕ್ತನಾಳವನ್ನು ಅಂಗೈಯಿಂದ ಒತ್ತಿ ಹಿಡಿದು ಬಿಡುವುದು, ಕಾಲಿಗೆ ಬೆಚ್ಚಗೆ ರಕ್ತ ಹರಿಯುತ್ತದೆ. ಕೇಳಲು ಚೆನ್ನಾಗಿದೆ. ಬಿಪಿ, ಹೃದಯದ ತೊಂದರೆ ಇರುವವರಿಗೆ ಇದು ಅಪಾಯ. 74ರ ಅಮ್ಮನಿಗಂತೂ ಬೇಡವೇ ಬೇಡ.

ಅವರಿಗೆ ಬೇಕಾದದ್ದು ಇಷ್ಟು. ರಾತ್ರಿ ಮಲಗುವ ಮುಂಚೆ ಚಾಪೆಯ ಮೇಲೆ ದಪ್ಪ ಜಮಖಾನ ಹಾಸಿ, ಅಂಗಾತ ಮಲಗಿಸಿ, ಮಂಡಿಯ ಕೆಳಗೆ ತೆಳು ದಿಂಬು ಇಡಿ. ನೆಲಕ್ಕೆ ಇಳಿಯಲು ಆಗದಿದ್ದರೆ ಗಟ್ಟಿ ಮಂಚವಾದರೂ ಆದೀತು. ಅವರ ಪಾದದ ಹತ್ತಿರ ಮಂಡಿಯೂರಿ ಕೂತು, ಎರಡು ಪಾದದ ಮೇಲೂ ಅಂಗೈ ಇಡಿ. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಬೆಕ್ಕು ಮಲಗುವ ಮುಂಚೆ ಹಾಸಿಗೆ ತುಳಿಯುವ ಹಾಗೆ. ಕಣಕಾಲಿನಿಂದ ಮಂಡಿಯ ಕೆಳಗಿನವರೆಗೆ ಹೀಗೇ ಹೋಗಿ. ಮಂಡಿಚಿಪ್ಪು ಬಿಟ್ಟುಬಿಡಿ. ಆಮೇಲೆ ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಪಾದದ ಅಡಿಯನ್ನು ನಿಮ್ಮ ಮುಂಗೈಗೆ ಆನಿಸಿ, ಬೆರಳುಗಳು ಅವರ ಮುಖದ ಕಡೆ ತಿರುಗುವಂತೆ ನಿಧಾನಕ್ಕೆ ವಾಲಿ. ಮೀನಖಂಡ ಎಳೆಯುವುದು ಅವರಿಗೆ ಗೊತ್ತಾಗಬೇಕು, ನೋವಾಗಬಾರದು. ಅವರು ಐದು ಸಲ ಉಸಿರಾಡುವಷ್ಟು ಹೊತ್ತು ಹಿಡಿದು ಬಿಡಿ. ಎರಡು ಕಾಲಿಗೂ ಮೂರು ಮೂರು ಸಲ. ಸೆಳೆತ ಬಂದ ಹೊತ್ತಿನಲ್ಲೂ ಈ ಎಳೆತವೇ ಮೊದಲು ಕೆಲಸಕ್ಕೆ ಬರುವುದು.

ಅಲ್ಲಿಂದ ಬರುವಾಗ ‘ಲುಕ್ ಪ್ರಕೋಪ್’ ಎರಡು ತನ್ನಿ. ಬಟ್ಟೆಯಲ್ಲಿ ಕಟ್ಟಿದ ಒಣ ಮೂಲಿಕೆಯ ಉಂಡೆ: ಪ್ಲೈ ಅನ್ನುವ ಶುಂಠಿ ಜಾತಿಯ ಗೆಡ್ಡೆ, ಅರಿಶಿನ, ನಿಂಬೆಹುಲ್ಲು, ಹುಣಸೆ ಎಲೆ, ಕರ್ಪೂರ. ನೀರು ಚಿಮುಕಿಸಿ ಇಡ್ಲಿ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಹಬೆಯಾಡಿಸಿ. ಮೊದಲು ನಿಮ್ಮ ಒಳಗೈಗೆ ಮುಟ್ಟಿಸಿ ನೋಡಿ, ಆಮೇಲೆ ಅಮ್ಮನ ಮೀನಖಂಡಕ್ಕೆ ಇಡಿ. ಅವರ ಪಾದಕ್ಕೆ ಸ್ಪರ್ಶ ಸರಿಯಾಗಿ ತಿಳಿಯದಿದ್ದರೆ ಇದು ಬೇಡ, ಸುಟ್ಟದ್ದೂ ಗೊತ್ತಾಗುವುದಿಲ್ಲ.